ಸಿಂಪ್ಯೂಟರ್ ಸೋತಿತು ಸರಿ, ಅದರ ಕೆಲಸ?

ಹೋದ ರಜೆಯಲ್ಲಿ ಸೂಲಿಬೆಲೆಯ ನಾಡಕಚೇರಿಯಿಂದ ಪಹಣಿ ತಂದು ಅಜ್ಜಿಗೆ ಓದಿ ಹೇಳ್ತಿದ್ದೆ. ಅಜ್ಜಿಗೆ ಅಕ್ಷರ ಬರಲ್ಲ. ನನಗೆ ಬರುತ್ತೆ. ಆದರೆ ‘ಖರಾಬು’ ಅಂತ ಬಂದಾಗ, “ಅಜ್ಜಿ, ನಮ್ಮ ಜಮೀನು ಸ್ವಲ್ಪ ಹಾಳಾಗಿದೆಯಂತೆ” ಅಂದುಬಿಟ್ಟೆ.

“ಹಾಳಾಗಿಲ್ಲ ಕಣೋ, ಅದು ಉಳೋಕೆ ಬರದಿರೋ ಜಾಗ. ಇಷ್ಟು ಓದಿ ಏನು ಬಂತು ನಿಂಗೆ?” ಅಂತ ಅಜ್ಜಿ ನಕ್ಕರು.

ನನ್ನಜ್ಜಿಯಂಥವರಿಗೇ ಅಂತ ನಮ್ಮ ಬೆಂಗಳೂರಲ್ಲಿ ಒಂದು ಕಂಪ್ಯೂಟರ್ ಹುಟ್ಟಿತ್ತು. ಹೆಸರು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್‌ಗಳು ಸೇರಿ 2001ರಲ್ಲಿ ಇದನ್ನು ತೋರಿಸಿದರು. ಅಂಗೈಯಲ್ಲಿ ಹಿಡಿಯೋ ಸೈಜು, ಒಳಗೆ ಲಿನಕ್ಸ್, ಕೀಬೋರ್ಡ್ ಬದಲು ಪರದೆ ಮೇಲೆ ಕಡ್ಡಿ. ಕನ್ನಡದ ಬರಹವನ್ನು ಗಟ್ಟಿಯಾಗಿ ಓದಿ ಹೇಳೋಕೆ ‘ಧ್ವನಿ’ ಅನ್ನೋ ಸಾಫ್ಟ್‌ವೇರ್. ಊರಿಗೆಲ್ಲ ಒಂದು ಯಂತ್ರ ಇದ್ದರೂ ಸಾಕು, ಒಬ್ಬೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಬಹುದು ಅನ್ನೋದು ಯೋಚನೆ. 2004ರಲ್ಲಿ ಬಿಇಎಲ್ ಜೊತೆ ಸೇರಿ ‘ಅಮಿಡಾ’ ಅನ್ನೋ ಮಾದರಿ ಮಾರುಕಟ್ಟೆಗೆ ಬಂತು. ಅದನ್ನು ಕೈಯಲ್ಲಿ ವಾಲಿಸಿದರೆ ಪುಟ ತಿರುಗುತ್ತಿತ್ತು. ಐಫೋನ್ ಬಂದಿದ್ದು 2007ರಲ್ಲಿ!

ಆದರೂ ಮಾರಾಟ ಆಗಿದ್ದು ಕೆಲವೇ ಸಾವಿರ.

ಕಾಲಕ್ಕಿಂತ ಮುಂಚೆ ಬಂತು, ಅದಕ್ಕೇ ಸೋತಿತು ಅಂತ ಹೇಳೋದು ಸುಲಭ. ನಾನು ಒಪ್ಪಲ್ಲ. 1981ರಲ್ಲಿ ಐಬಿಎಂ ಪಿಸಿ ಬಂದ ಮೇಲೆ ಅದಕ್ಕಿಂತ ಚೆನ್ನಾಗಿದ್ದ ಎಷ್ಟೋ ಯಂತ್ರಗಳು ಸೋತವು. ಪಿಸಿ ಕೊಂಡವರಿಗೆ ಮಾರುಕಟ್ಟೆಯಲ್ಲಿದ್ದ ರಾಶಿ ಸಾಫ್ಟ್‌ವೇರ್ ಸಿಗುತ್ತಿತ್ತು. ಬೇರೆ ಯಂತ್ರ ಕೊಂಡವರು ಅದಕ್ಕಂತಲೇ ಯಾರಾದರೂ ಬರೆದು ಕೊಡಲಿ ಅಂತ ಕಾಯಬೇಕಿತ್ತು. ಸಿಂಪ್ಯೂಟರ್ ಕಥೆಯೂ ಇದೇ. ಅತಿ ಅಗ್ಗದ ಅಮಿಡಾಗೇ ಸುಮಾರು ಹತ್ತು ಸಾವಿರ ರೂಪಾಯಿ. ಇನ್ನೊಂದಿಷ್ಟು ದುಡ್ಡು ಹಾಕಿದರೆ ಪಿಸಿನೇ ಬರುತ್ತೆ ಅಂತ ಒಬ್ಬರು, ಕಡಿಮೆ ದುಡ್ಡಿಗೆ ಮೊಬೈಲ್ ಸಿಗುತ್ತೆ ಅಂತ ಇನ್ನೊಬ್ಬರು. ಕನ್ನಡ ಓದಿ ಹೇಳೋ ಯಂತ್ರ ರೆಡಿ ಇತ್ತು. ಅದು ಓದಬೇಕಾದ ಕನ್ನಡವನ್ನು ತುಂಬೋರು ಸಾಕಷ್ಟು ಇರಲಿಲ್ಲ.

ಈಗ ಅಜ್ಜಿ ಕೈಯಲ್ಲೇ ಫೋನ್ ಇದೆ. ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದಕ್ಕೆ ಅರ್ಥ ಆಗುತ್ತೆ. ಅಂದರೆ ಹಾರ್ಡ್‌ವೇರ್ ಸಮಸ್ಯೆ ಮುಗೀತು. ಆದರೆ ಪಹಣಿ ಓದಿಸೋಕೆ ಅಜ್ಜಿ ಇವತ್ತೂ ನನ್ನನ್ನೇ ಕರೀತಾರೆ, ನನಗೋ ಖರಾಬು ಗೊತ್ತಿಲ್ಲ! ಹತ್ತನೇ ಕ್ಲಾಸ್‌ವರೆಗೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ಕನ್ನಡವನ್ನು ಮಾರ್ಕ್ಸ್‌ಗೆ ಮಾತ್ರ ಓದಿದ್ದೆ. ಈ ಲೇಖನ ಟೈಪ್ ಮಾಡೋಕೇ ಎರಡು ಸಂಜೆ ಹಿಡೀತು.

ಮಿನಿ ಪ್ರಾಜೆಕ್ಟ್‌ಗೆ ನಾವೆಲ್ಲ ಮಾಡೋದೇನು? ಇನ್ನೊಂದು ಅಟೆಂಡೆನ್ಸ್ ಆ್ಯಪ್. ಬೇಡ ಅನ್ನಲ್ಲ. ಆದರೆ ಸಿಂಪ್ಯೂಟರ್ ಬಿಟ್ಟುಹೋದ ಕೆಲಸ ಹಾಗೇ ಬಿದ್ದಿದೆ, ಅದಕ್ಕೆ ಹೊಸ ಚಿಪ್ ಬೇಕಿಲ್ಲ. ಕನ್ನಡವೂ ಕೋಡೂ ಎರಡೂ ಬರೋ ಹುಡುಗರು, ಹುಡುಗಿಯರು ಬೇಕು.

ಈ ಸೆಮಿಸ್ಟರ್ ನಮ್ಮ ಟೀಮಿನ ಮಿನಿ ಪ್ರಾಜೆಕ್ಟ್: ಪಹಣಿಯ ಒಂದೊಂದು ಕಾಲಮ್ಮನ್ನೂ ಆಡುಮಾತಲ್ಲಿ ಬಿಡಿಸಿ ಹೇಳೋ ಆ್ಯಪ್. ಪದಗಳ ಪಟ್ಟಿ ಮಾಡೋಕೆ ಶುರು ಮಾಡಿದ್ದೀವಿ. ಟೆಸ್ಟಿಂಗ್ ಅಜ್ಜಿದು. ಸೇರ್ಕೊಳ್ಳೋರು ಬನ್ನಿ.