ಬಿಟ್ಟಿ ಟಿಕೆಟ್‌ಗೆ ಹನ್ನೊಂದು ವರ್ಷ

ಕಳೆದ ವರ್ಷ ನಮ್ಮ ಹಾಸ್ಟೆಲ್‌ನ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಸೀನಿಯರ್ ಒಬ್ಬರು ಬೋರ್ಡಿಂಗ್ ಪಾಸ್‌ನ ಫೋಟೊ ಹಾಕಿದ್ದರು. ಬೆಂಗಳೂರಿನಿಂದ ಗೋವಾಕ್ಕೆ. ಕೆಳಗೆ ಒಂದೇ ಸಾಲು: ‘ಟಿಕೆಟ್ ಫ್ರೀ, ಎಲ್ಲಾ ಪಾಯಿಂಟ್ಸ್ ಮಹಿಮೆ’. ಅಂದು ರಾತ್ರಿ ಮೆಸ್‌ನಲ್ಲಿ ಬೇರೆ ಮಾತೇ ಇರಲಿಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿದರೆ ಪಾಯಿಂಟ್ ಬರುತ್ತದೆ, ಪಾಯಿಂಟ್ ಕೂಡಿದರೆ ವಿಮಾನ ಹತ್ತಬಹುದು! ಇಂಟರ್ನಲ್ಸ್ ಮುಂದಿದ್ದರೂ ನಾವು ಆರೇಳು ಮಂದಿ ಓದಿದ್ದು ಕಾರ್ಡ್‌ಗಳ ಬಗ್ಗೆಯೇ.

ನನ್ನೂರು ಹಂಗಳ. ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಬಂದರೆ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವ ಊರು. ಸೀಸನ್‌ನಲ್ಲಿ ನಮ್ಮ ಹೊಲದ ಸೂರ್ಯಕಾಂತಿ, ಚೆಂಡುಹೂವಿನ ಮುಂದೆ ಕೇರಳದ ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಹೂವನ್ನು ಬಿಸಿಲಲ್ಲಿ ಬಿಡಿಸುವ ಅವ್ವ ಮೈಸೂರು ದಾಟಿ ಹೋದದ್ದು ಎರಡೋ ಮೂರೋ ಸಲ. ಅವಳಿಗೆ ಇರುವುದು ಒಂದೇ ಆಸೆ, ಕಾಶಿ. ಬಿಟ್ಟಿ ಟಿಕೆಟ್ ಎಂದ ಕೂಡಲೇ ನನ್ನ ತಲೆಗೆ ಬಂದದ್ದು ಗೋವಾ ಅಲ್ಲ. ಅಪ್ಪ, ಅವ್ವ ಇಬ್ಬರನ್ನೂ ವಿಮಾನದಲ್ಲಿ ಕಾಶಿಗೆ ಕಳಿಸುವುದು.

ಸಂಬಳ ಇಲ್ಲದ ವಿದ್ಯಾರ್ಥಿಗೆ ಸಾಮಾನ್ಯ ಕ್ರೆಡಿಟ್ ಕಾರ್ಡ್ ಸಿಗುವುದು ಕಷ್ಟ. ಆದರೆ ಹದಿನೆಂಟು ತುಂಬಿದವರು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೆ ಅದರ ಆಧಾರದ ಮೇಲೆ ಕಾರ್ಡ್ ಪಡೆಯಬಹುದು. ಅವ್ವ ಚೆಂಡುಹೂವಿನ ಹಣದಲ್ಲಿ 20,000 ರೂಪಾಯಿಯನ್ನು ‘ಕಷ್ಟಕಾಲಕ್ಕೆ ಇರಲಿ’ ಎಂದು ನನ್ನ ಹೆಸರಲ್ಲಿ ಹಾಕಿದ್ದಳು. ಅದನ್ನೇ ಎಫ್‌ಡಿ ಮಾಡಿದೆ. 18,000 ಮಿತಿಯ ಕಾರ್ಡ್ ಬಂತು. ನೂರು ರೂಪಾಯಿ ಖರ್ಚಿಗೆ ಎರಡು ಪಾಯಿಂಟ್. ಅವ್ವನಿಗೆ ಹೇಳಲಿಲ್ಲ. ಸರ್‌ಪ್ರೈಸ್ ಕೊಡಬೇಕಿತ್ತಲ್ಲ!

ಮೊದಲ ಪಾಠ ಸಿಕ್ಕಿದ್ದು ಗುಂಡ್ಲುಪೇಟೆಯ ಒಂದು ಅಂಗಡಿಯಲ್ಲಿ. ಅಪ್ಪ ಡ್ರಿಪ್ ಪೈಪ್ ಕೊಳ್ಳುತ್ತಿದ್ದ. ಬಿಲ್ 12,000. ‘ಕಾರ್ಡ್ ಕೊಡ್ತೀನಿ ತಾಳಪ್ಪ’ ಎಂದೆ. ಅಂಗಡಿಯವರು, ಕಾರ್ಡಾದರೆ ಎರಡು ಪರ್ಸೆಂಟ್ ಸೇರಿಸಿ ಕೊಡಬೇಕು ಎಂದರು. ಅಂದರೆ 240 ರೂಪಾಯಿ. ಅಪ್ಪ ನನ್ನನ್ನು ಕೇಳಿದ: ‘ನಿಂಗೆ ಎಷ್ಟು ಸಿಕ್ತದೆ?’ 240 ಪಾಯಿಂಟ್ ಎಂದೆ. ‘ಪಾಯಿಂಟ್ ಅಲ್ಲ ಕನ ಮಗ, ದುಡ್ಡು ಎಷ್ಟು?’ ಮೊಬೈಲ್ ತೆಗೆದು ನೋಡಿದೆ. ಟಿಕೆಟ್ ಬುಕ್ ಮಾಡಲು ಒಂದು ಪಾಯಿಂಟ್‌ಗೆ 25 ಪೈಸೆ. ಒಟ್ಟು 60 ರೂಪಾಯಿ. ಅಪ್ಪ ಏನೂ ಹೇಳದೆ ಚೀಲದಿಂದ ನೋಟು ಎಣಿಸಿ ಕೊಟ್ಟ. ಹಳೇ ಕಾಲದವರು, ಇವರಿಗೆ ಅರ್ಥವಾಗುವುದಿಲ್ಲ ಎಂದುಕೊಂಡೆ. ಅರ್ಥವಾಗದೇ ಇದ್ದದ್ದು ಯಾರಿಗೆ ಎಂಬುದು ಆಮೇಲೆ ಗೊತ್ತಾಯಿತು.

ನನ್ನ ಸ್ವಂತ ಖರ್ಚಿಗೆ ಪಾಯಿಂಟ್ ಏರುತ್ತಿರಲಿಲ್ಲ. ಹಾಗಾಗಿ ಗ್ರೂಪ್‌ನಲ್ಲಿ ಎಲ್ಲರೂ ಮಾಡುವ ಉಪಾಯ ಮಾಡಿದೆ. ಗೆಳೆಯರ ಪರೀಕ್ಷಾ ಶುಲ್ಕ, ರೂಮ್‌ಮೇಟ್‌ನ ಹೊಸ ಫೋನ್, ಎಲ್ಲವನ್ನೂ ನನ್ನ ಕಾರ್ಡ್‌ನಲ್ಲಿ ಕಟ್ಟಿ, ಅವರಿಂದ ಯುಪಿಐನಲ್ಲಿ ಹಣ ಪಡೆಯುವುದು. ಹಣ ಅವರದು, ಪಾಯಿಂಟ್ ನನ್ನದು. ಆ ತಿಂಗಳ ಬಿಲ್ 16,400 ರೂಪಾಯಿ. ಫೋನ್ ಒಂದೇ 9,500. ರೂಮ್‌ಮೇಟ್‌ನ ಮನೆಯಿಂದ ಹಣ ಬರಲಿಲ್ಲ. ಅವರೂ ರೈತರು, ಟೊಮೆಟೊ ದರ ಬಿದ್ದಿತ್ತು. ಉಳಿದವರು ಇನ್ನೂರು, ಐನೂರು ಎಂದು ಬಿಡಿಬಿಡಿಯಾಗಿ ಕಳಿಸಿದ್ದು ನನ್ನ ಮೆಸ್ ಬಿಲ್ಲಿಗೆ, ಊರಿನ ಓಡಾಟಕ್ಕೆ, ಒಂದೆರಡು ಸಿನಿಮಾಕ್ಕೆ ಕರಗಿಹೋಗಿತ್ತು. ಕೊನೆಯ ದಿನ ಆ್ಯಪ್‌ನಲ್ಲಿ ‘ಕನಿಷ್ಠ ಪಾವತಿ 820 ರೂಪಾಯಿ’ ಎಂದು ಕಂಡಿತು. ಕಟ್ಟಿ ನಿರಾಳನಾದೆ.

ಮುಂದಿನ ಬಿಲ್ ನೋಡಿ ಕೈಕಾಲು ತಣ್ಣಗಾಯಿತು. ಬಡ್ಡಿ 689, ಅದರ ಮೇಲೆ ಶೇ 18 ಜಿಎಸ್‌ಟಿ 124, ಒಟ್ಟು 813 ರೂಪಾಯಿ. ಪೂರ್ತಿ ಕಟ್ಟದಿದ್ದರೆ ಬಡ್ಡಿಯಿಲ್ಲದ ಅವಧಿ ರದ್ದಾಗುತ್ತದೆ, ಗಡುವಿನ ದಿನದಿಂದಲ್ಲ, ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ದರ ತಿಂಗಳಿಗೆ ಶೇ 3.5, ಅಂದರೆ ವರ್ಷಕ್ಕೆ ಶೇ 42. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಸಾಲ ತೀರಲು ತಿಂಗಳುಗಳು, ವರ್ಷಗಳೇ ಹಿಡಿಯಬಹುದು ಎಂಬ ಎಚ್ಚರಿಕೆ ಬಿಲ್ಲಿನಲ್ಲೇ ಇರಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ನನ್ನ ಬಿಲ್ಲಿನಲ್ಲೂ ಇತ್ತು. ನಾನು ಓದಿದ್ದು ಪಾಯಿಂಟ್‌ಗಳ ಸಾಲನ್ನು ಮಾತ್ರ.

ಆ 16,400ಕ್ಕೆ ನನಗೆ ಬಂದ ಪಾಯಿಂಟ್ 328. ಅದರ ಬೆಲೆ 82 ರೂಪಾಯಿ. 82 ರೂಪಾಯಿ ಗಳಿಸಲು 813 ರೂಪಾಯಿ ತೆತ್ತಿದ್ದೆ.

ರೂಮ್‌ಮೇಟ್ ಹೇಗೋ 9,500 ಹೊಂದಿಸಿ ಕೊಟ್ಟ. ಉಳಿದದ್ದು ನನ್ನ ತಲೆಮೇಲೆ. ಕಟ್ಟದಿದ್ದರೆ ಬ್ಯಾಂಕ್ ಅವ್ವನ ಎಫ್‌ಡಿಯನ್ನೇ ಮುರಿದುಕೊಳ್ಳುತ್ತದೆ. ಊರಿಗೆ ಹೋಗಿ ಅಪ್ಪನ ಮುಂದೆ ಎಲ್ಲ ಹೇಳಿದೆ. ಬೈಯಲಿಲ್ಲ. ಸಣ್ಣ ಈರುಳ್ಳಿ ಬಿತ್ತನೆಗೆಂದು ಇಟ್ಟಿದ್ದ ಹಣದಿಂದ 6,900 ತೆಗೆದು ಕೊಟ್ಟ. ಆಮೇಲೆ ಗೋಡೆಯ ಮೇಲಿದ್ದ ಮಂಡಿಯ ಕ್ಯಾಲೆಂಡರ್ ತೋರಿಸಿ ಹೇಳಿದ: ‘ಮಂಡಿಯವರು ಬೆಳೆಗೆ ಮುಂಗಡ ಕೊಡ್ತಾರೆ, ಹೋದಾಗ ಕಾಫಿ ಕೊಡ್ತಾರೆ, ವರ್ಷಕ್ಕೊಂದು ಕ್ಯಾಲೆಂಡರೂ ಕೊಡ್ತಾರೆ. ಕ್ಯಾಲೆಂಡರ್ ಬಿಟ್ಟಿ ಅಂತ ನಾನು ಯಾವತ್ತೂ ಅನ್ಕೊಂಡಿಲ್ಲ. ಅದು ನನ್ನ ಈರುಳ್ಳಿ ದುಡ್ಡಲ್ಲೇ ಅಚ್ಚಾಗಿರೋದು.’

ಈ ವಿಷಯದ ಬಗ್ಗೆ ನಾನು ನೋಡಿದ ಯಾವ ವಿಡಿಯೊ ಕೂಡ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಪಾಯಿಂಟ್‌ಗಳು ಆಕಾಶದಿಂದ ಉದುರುವುದಿಲ್ಲ. ನಾವು ಕಾರ್ಡ್ ಉಜ್ಜಿದಾಗ ಅಂಗಡಿಯವರು ಬ್ಯಾಂಕ್‌ಗಳಿಗೆ ಒಂದಷ್ಟು ಶುಲ್ಕ ತೆರುತ್ತಾರೆ. ಅದರ ಒಂದು ಚೂರು ಪಾಯಿಂಟ್ ಆಗಿ ನಮಗೆ ಬರುತ್ತದೆ. ನನ್ನಂಥವರು ಕಟ್ಟುವ ಬಡ್ಡಿ, ದಂಡವೂ ಬ್ಯಾಂಕಿನ ಇದೇ ವ್ಯವಹಾರದ ಆದಾಯ. ಅಂಗಡಿಯವರು ಆ ಶುಲ್ಕವನ್ನು ಕೈಯಿಂದ ಹಾಕುತ್ತಾರೆಯೇ? ಸರಕಿನ ಬೆಲೆಯಲ್ಲೇ ಸೇರಿಸುತ್ತಾರೆ. ಆಗ ಅದೇ ಅಂಗಡಿಯಲ್ಲಿ ನೋಟು ಕೊಟ್ಟು ಕೊಳ್ಳುವವರೂ ಅದನ್ನು ತೆರುತ್ತಾರೆ, ಪಾಯಿಂಟ್ ಮಾತ್ರ ಅವರಿಗೆ ಬರುವುದಿಲ್ಲ. ಅಮೆರಿಕದಲ್ಲಿ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದನ್ನು ಲೆಕ್ಕ ಹಾಕಿದ್ದರು. ನಗದು ಬಳಸುವ ಕುಟುಂಬವೊಂದರಿಂದ ವರ್ಷಕ್ಕೆ ಸರಾಸರಿ 149 ಡಾಲರ್ ಹೀಗೆ ಕಾರ್ಡ್‌ನವರ ಕಡೆಗೆ ಹೋಗುತ್ತದೆ, ಕಾರ್ಡ್ ಬಳಸುವ ಕುಟುಂಬಕ್ಕೆ 1,133 ಡಾಲರ್ ಸಿಗುತ್ತದೆ ಎಂದು ಅವರು ಅಂದಾಜಿಸಿದರು. ನಮ್ಮ ದೇಶದ ಲೆಕ್ಕ ಬೇರೆ ಇರಬಹುದು, ಯುಪಿಐ ಬಂದ ಮೇಲೆ ಇನ್ನೂ ಬೇರೆ. ಆದರೆ ಹಣ ಹರಿಯುವ ದಿಕ್ಕು ಅದೇ.

ಇನ್ನೊಂದು ಮಾತು. ಪಾಯಿಂಟ್ ಹಣವಲ್ಲ, ಹಣ ಕೊಡುತ್ತೇನೆಂಬ ಮಾತು ಅಷ್ಟೇ. ಅದರ ಬೆಲೆಯನ್ನು ಕೊಟ್ಟವರೇ ಇಳಿಸಬಹುದು, ಅವಧಿ ಮುಗಿಸಬಹುದು. ವಿಮಾನ ಕಂಪನಿಗಳು ಈ ಆಟ ಶುರು ಮಾಡಿದ್ದು ಹಳೇ ಕಾಲದಲ್ಲಿ. ಅಮೆರಿಕನ್ ಏರ್‌ಲೈನ್ಸ್ ತನ್ನ ಮೈಲುಗಳ ಯೋಜನೆ ತಂದದ್ದು 1981ರಲ್ಲಿ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್‌ಗೂ ‘ಕಿಂಗ್ ಕ್ಲಬ್’ ಎಂಬ ಯೋಜನೆ ಇತ್ತು. ಆ ವಿಮಾನ 2010ರಲ್ಲಿ ಮೈಸೂರಿನ ಮಂಡಕಳ್ಳಿಗೂ ಬಂದಿತ್ತು, ಮರುವರ್ಷ ನಿಂತಿತು. 2012ರ ಅಕ್ಟೋಬರ್‌ನಲ್ಲಿ ಕಂಪನಿಯ ಹಾರಾಟವೇ ನಿಂತುಹೋಯಿತು. ಹಾರುವ ವಿಮಾನವೇ ಇಲ್ಲದ ಮೇಲೆ ಕೂಡಿಟ್ಟ ಮೈಲು ಯಾರಿಗೆ ಬೇಕು? ಎಲ್ಲ ಕಡೆ ಹೀಗೇ ಆಗುತ್ತದೆ ಎಂದಲ್ಲ. 2024ರ ನವೆಂಬರ್‌ನಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅದರ ಗ್ರಾಹಕರ ಪಾಯಿಂಟ್‌ಗಳು ಏರ್ ಇಂಡಿಯಾಕ್ಕೆ ವರ್ಗವಾದವು. ಆದರೆ ಎರಡೂ ಸಲ ತೀರ್ಮಾನ ಪ್ರಯಾಣಿಕರ ಕೈಯಲ್ಲಿ ಇರಲಿಲ್ಲ.

ಸಾಮಾನ್ಯರನ್ನು ವಿಮಾನ ಹತ್ತಿಸಿದ ಕನ್ನಡಿಗರೊಬ್ಬರು ನಮ್ಮಲ್ಲೇ ಇದ್ದಾರೆ, ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಅವರು ಏರ್ ಡೆಕ್ಕನ್ ಶುರು ಮಾಡಿದಾಗ ಕೊಟ್ಟದ್ದು ಪಾಯಿಂಟ್ ಅಲ್ಲ. ಬಿಟ್ಟಿ ಊಟ ತೆಗೆದು, ಖರ್ಚು ಇಳಿಸಿ, ಟಿಕೆಟ್ ದರವನ್ನೇ ಇಳಿಸಿದರು. ಕೆಲವು ಸೀಟುಗಳನ್ನು ಒಂದು ರೂಪಾಯಿಗೂ ಮಾರಿದರು. ಅವರ ಕಂಪನಿ ಕೂಡ ಉಳಿಯಲಿಲ್ಲ, ಕಿಂಗ್‌ಫಿಷರ್ ಪಾಲಾಯಿತು. ಆದರೂ ನನಗೆ ಇಷ್ಟವಾಗುವುದು ಅವರ ದಾರಿ. ದರ ಇಳಿದರೆ ನೋಟು ಹಿಡಿದ ಅವ್ವನೂ ಹತ್ತಬಹುದು. ಪಾಯಿಂಟ್ ಕೊಟ್ಟರೆ ಹತ್ತುವುದು ಮೊದಲೇ ಹೆಚ್ಚು ಖರ್ಚು ಮಾಡಬಲ್ಲವರು.

ಹಾಗಾದರೆ ಆ ಸೀನಿಯರ್ ಸುಳ್ಳು ಹೇಳಿದರೇ? ಇಲ್ಲ. ಆಮೇಲೆ ಕೇಳಿ ತಿಳಿದೆ. ಅವರದು ತಂದೆಯ ಕಾರ್ಡ್‌ಗೆ ಸೇರಿಸಿ ಕೊಟ್ಟ ಹೆಚ್ಚುವರಿ ಕಾರ್ಡ್. ತಂದೆಗೆ ವ್ಯಾಪಾರವಿದೆ, ತಿಂಗಳಿಗೆ ಲಕ್ಷಗಳ ಖರ್ಚು ಅದರಲ್ಲೇ ನಡೆಯುತ್ತದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಕೂಡ ಪಾಯಿಂಟ್‌ನಲ್ಲೇ ದೊಡ್ಡಪ್ಪ, ದೊಡ್ಡವ್ವನನ್ನು ದೆಹಲಿಗೆ ಕರೆದೊಯ್ದ. ತೆರಿಗೆ, ಶುಲ್ಕ ಮಾತ್ರ ಕೈಯಿಂದ ಕಟ್ಟಿದ. ಅವನಿಗೆ ಸಂಬಳವಿದೆ, ದಿನಸಿ, ಕರೆಂಟ್ ಬಿಲ್ ಹೇಗೂ ಕಟ್ಟಲೇಬೇಕು, ಪ್ರತಿ ತಿಂಗಳು ಪೂರ್ತಿ ಬಿಲ್ ತಾನಾಗಿ ಖಾತೆಯಿಂದ ಕಟಾವಾಗುವಂತೆ ಇಟ್ಟಿದ್ದಾನೆ. ಒಂದು ದಿನವೂ ಬಡ್ಡಿ ಕಟ್ಟಿಲ್ಲ. ಅಂಥವರಿಗೆ ಪಾಯಿಂಟ್ ನಿಜವಾಗಿಯೂ ಲಾಭ. ನನ್ನ ತಕರಾರು ಕಾರ್ಡ್ ಮೇಲಲ್ಲ. ಗಳಿಕೆ ಇರುವವರ ಲಾಭವನ್ನು ಗಳಿಕೆ ಇಲ್ಲದ ನಮಗೆ ‘ಫ್ರೀ’ ಎಂದು ತೋರಿಸುವುದರ ಮೇಲೆ.

ಇಂಟಿಗ್ರೇಷನ್ ಮಾಡುವ ನಾನು ಒಂದು ಸರಳ ಭಾಗಾಕಾರವನ್ನು ಕೊನೆಗೆ ಮಾಡಿದೆ. ನೀವೂ ಮಾಡಿ ನೋಡಿ. ಕಾಶಿಗೆ ಇಬ್ಬರಿಗೆ ಹೋಗುವ ಟಿಕೆಟ್ 12,000 ರೂಪಾಯಿ ಎಂದಿಟ್ಟುಕೊಳ್ಳೋಣ. ನನ್ನ ಕಾರ್ಡ್ ನೂರು ರೂಪಾಯಿಗೆ ಕೊಡುವುದು 50 ಪೈಸೆ. ಅಂದರೆ 24 ಲಕ್ಷ ಖರ್ಚು ಮಾಡಬೇಕು. ಪ್ರತಿ ತಿಂಗಳು 18,000ದ ಮಿತಿ ಪೂರ್ತಿ ಉಜ್ಜಿದರೂ ವರ್ಷಕ್ಕೆ 2.16 ಲಕ್ಷ. ಹನ್ನೊಂದು ವರ್ಷ ಬೇಕು! ಅಷ್ಟರಲ್ಲಿ ಪಾಯಿಂಟ್‌ಗಳ ಅವಧಿಯೇ ಎಷ್ಟೋ ಸಲ ಮುಗಿದಿರುತ್ತದೆ.

ಆದ್ದರಿಂದ ಗೆಳೆಯರೇ, ಕಾರ್ಡ್ ತೆಗೆದುಕೊಳ್ಳುವ ಮುನ್ನ ಮೂರೇ ಪ್ರಶ್ನೆ ಕೇಳಿಕೊಳ್ಳಿ. ಒಂದು ಪಾಯಿಂಟ್‌ಗೆ ಎಷ್ಟು ಪೈಸೆ? ಪಾಯಿಂಟ್ ಇಲ್ಲದಿದ್ದರೂ ಇದನ್ನು ನಾನು ಕೊಳ್ಳುತ್ತಿದ್ದೆನೇ? ಬಿಲ್ ಬರುವ ದಿನ ಪೂರ್ತಿ ಹಣ ನನ್ನ ಖಾತೆಯಲ್ಲಿ ಇರುತ್ತದೆಯೇ? ಮೂರರಲ್ಲಿ ಒಂದಕ್ಕೆ ಉತ್ತರ ಗೊತ್ತಿಲ್ಲದಿದ್ದರೂ ಕಾರ್ಡ್ ಬೇಡ. ಕೆಲಸ ಹುಡುಕುತ್ತಿರುವ ಅಣ್ಣಂದಿರು, ಅಕ್ಕಂದಿರಿಗೆ ಇದು ಇನ್ನೂ ಮುಖ್ಯ. ಬಿಲ್ ಕಟ್ಟದೆ ಬಾಕಿ ಉಳಿಸಿಕೊಂಡರೆ ಅದು ಕ್ರೆಡಿಟ್ ಸ್ಕೋರ್‌ಗೆ ಏರುತ್ತದೆ. ನಾಳೆ ಬೇರೆ ಸಾಲ ಕೇಳಲು ಹೋದಾಗ ಎದುರಿಗೆ ಬಂದು ನಿಲ್ಲುತ್ತದೆ. ಗೆಳೆಯರ ಖರ್ಚಿಗಂತೂ ನಿಮ್ಮ ಕಾರ್ಡ್ ಕೊಡಬೇಡಿ. ಅವರು ಮೋಸಗಾರರಲ್ಲದಿರಬಹುದು, ಟೊಮೆಟೊ ದರಕ್ಕೆ ಮಾತ್ರ ನಿಮ್ಮ ಬಿಲ್ಲಿನ ಗಡುವು ಗೊತ್ತಿರುವುದಿಲ್ಲ.

ಕಾರ್ಡ್ ಮುಚ್ಚಿಸಿದೆ. ಎಫ್‌ಡಿ ಹಾಗೇ ಇದೆ. ರಜೆಯಲ್ಲಿ ಹೊಲದ ಕೆಲಸ ಮಾಡಿ ಅಪ್ಪನ 6,900 ತೀರಿಸುತ್ತಿದ್ದೇನೆ. ಈಗ ಐದನೇ ಸೆಮಿಸ್ಟರ್. ಈ ತಿಂಗಳಿಂದ 500 ರೂಪಾಯಿಯ ಆರ್‌ಡಿ ಶುರು ಮಾಡಿದ್ದೇನೆ, ಪಿಯುಸಿ ಹುಡುಗರಿಗೆ ಟ್ಯೂಷನ್ ಹೇಳಿದ ಹಣ. ಬಿಇ ಮುಗಿಯುವ ಹೊತ್ತಿಗೆ, 24 ತಿಂಗಳಲ್ಲಿ, 12,000 ಆಗುತ್ತದೆ. ಹನ್ನೊಂದು ವರ್ಷದ ಕೆಲಸ ಎರಡು ವರ್ಷಕ್ಕೆ. ಹೋಗುವುದು ವಿಮಾನದಲ್ಲಿ, ವಾಪಸ್ ಬರುವುದು ವಾರಾಣಸಿ–ಮೈಸೂರು ರೈಲಿನಲ್ಲಿ.

ಈ ಸಲ ಅವ್ವನಿಗೆ ಮುಚ್ಚಿಡದೆ ಹೇಳಿದೆ. ಹೂವು ಬಿಡಿಸುತ್ತಾ ಕೇಳಿಸಿಕೊಂಡಳು. ‘ಬರೋವಾಗ ರೈಲೇ ಆಗ್ಲಿ ಬುಡು, ಊರುಗಳ ನೋಡ್ಕೊಂಡು ಬರಬೌದು’ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು: ‘ವಿಮಾನದಲ್ಲಿ ಕಿಟಕಿ ಪಕ್ಕ ಕೂರೋಕೆ ಬೇರೆ ದುಡ್ಡು ಕೇಳ್ತಾರಾ?’

ಕೇಳುತ್ತಾರೆ ಅವ್ವ. ಆರ್‌ಡಿಗೆ ಇನ್ನೊಂದು ತಿಂಗಳು ಸೇರಿಸುತ್ತೇನೆ.