ಕಲ್ಲಿಗೂ ಚರಿತ್ರೆಯುಂಟು

ಮುಂಡಾಜೆಯ ಕಡೆಯಿಂದ ಮಲ್ಪೆಯ ಸೇಂಟ್ ಮೇರಿ ದ್ವೀಪಕ್ಕೆ ವಿಹಾರ ಹೋದವರು ಹೊತ್ತು ತರುವ ಚರಿತ್ರೆ ಒಂದೇ: ೧೪೯೮ರಲ್ಲಿ ವಾಸ್ಕೋ ಡ ಗಾಮ ಅಲ್ಲಿಳಿದು ಹೆಸರಿಟ್ಟನಂತೆ. ಅದು ಬರಿಯ ಐತಿಹ್ಯ. ತಾವು ತುಳಿದು ನಡೆದ ಕಲ್ಲಿನ ಮಾತನ್ನು ಕೇಳಿದವರಿಲ್ಲ.

ಸುಮಾರು ೮.೮ ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರ್ಪಡುತ್ತಿದ್ದಾಗ ಉಕ್ಕಿದ ಲಾವಾರಸವೇ ಆ ಕಲ್ಲು. ಅದು ಆರುತ್ತ ಕುಗ್ಗಿ, ಬಿರಿದು, ಬಹುಕೋನದ ಕಂಬಗಳ ಸಾಲಾಯಿತು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆಯೂ ಅದಕ್ಕುಂಟು.

‘ಮನುಷ್ಯ ಕಾಲಿಟ್ಟ ಮೇಲೆ ತಾನೆ ಚರಿತ್ರೆ?’ ಎನ್ನುವ ವಿದ್ಯಾವಂತರಿದ್ದಾರೆ. ಈ ಅಹಂಕಾರವೇ ಕೇಡಿನ ಮೂಲ. ನಮ್ಮ ಬೆಳ್ತಂಗಡಿಯ ಗಡಾಯಿಕಲ್ಲಿಗೂ ಇದೇ ಗತಿ. ೧೭೯೪ರ ಟಿಪ್ಪುವಿನ ಕೋಟೆ ಎಂದರೆ ಪಾಠ ಮುಗಿಯಿತು. ಕೋಟೆಯನ್ನು ಹೊತ್ತ ಬಂಡೆಗೆ ಅಲ್ಲಿ ಜಾಗವಿಲ್ಲ. ಕಥೆಯಿಲ್ಲದ ಕಲ್ಲು ನಮಗೆ ಬರಿಯ ಜಲ್ಲಿ. ಅದರ ಮೇಲೆ ಹೆಸರು ಕೆತ್ತಲು ಕೈ ಅಂಜುವುದಿಲ್ಲ.

ಫಲಕ ನೆಟ್ಟರೆ ಸಾಲದು. ಕನ್ನಡ ಅಧ್ಯಾಪಕರಾದ ನಾವೂ ತಪ್ಪಿತಸ್ಥರೇ. ಅಲೆಯನ್ನು ಬಣ್ಣಿಸಿದ ಪ್ರಬಂಧಕ್ಕೆ ಅಂಕ ಕೊಟ್ಟೆವು. ಅಲೆ ಬಡಿಯುವ ಬಂಡೆಯ ಕುರಿತು ಒಂದು ಸಾಲನ್ನೂ ಕೇಳಲಿಲ್ಲ. ಮುಂದಿನ ಸಲ ದೋಣಿಯಿಳಿದಾಗ ಗಾಮನನ್ನು ಮರೆಯೋಣ. ಒಂದು ಕಂಬದ ಮೂಲೆಗಳನ್ನಾದರೂ ಎಣಿಸೋಣ.