ಮರಿ ಆಮೇಲೆ, ಮೊದಲು ತಾಯಿ

ನಾಯಿಮರಿ ಮಾರುವವರ ಬಾಯಲ್ಲಿ ಕೆಲವು ಮಾತು ಸದಾ ಸಿದ್ಧ: ‘ಹೆವಿ ಬೋನ್’, ‘ಚಾಂಪಿಯನ್ ಬ್ಲಡ್‌ಲೈನ್’, ‘ಕೆಸಿಐ ಪೇಪರ್ ಸಮೇತ’, ‘ಇದೊಂದೇ ಉಳಿದಿರೋದು ಸರ್’. ಇಷ್ಟೆಲ್ಲ ಹೇಳುವಾಗಲೂ ಮರಿಯ ತಾಯಿಯ ಸುದ್ದಿ ಮಾತ್ರ ಬರುವುದಿಲ್ಲ. ಕೊಳ್ಳುವವರು ಮೊದಲು ಕೇಳಬೇಕಾದದ್ದು ಅದನ್ನೇ. ತಾಯಿ ಎಲ್ಲಿ?

‘ಊರಲ್ಲಿದೆ, ವಿಡಿಯೊ ಕಳಿಸ್ತೀನಿ’ ಎಂದರೆ ವ್ಯವಹಾರ ಅಲ್ಲಿಗೇ ಬಿಡಿ. ಬಸ್‌ಸ್ಟ್ಯಾಂಡಿಗೆ ಮರಿ ತಂದುಕೊಡುತ್ತೇನೆ ಎನ್ನುವವರ ಸಹವಾಸವಂತೂ ಬೇಡವೇ ಬೇಡ. ತಾಯಿಯನ್ನು ಅದು ಇರುವ ಜಾಗದಲ್ಲೇ ನೋಡಬೇಕು. ಹಾಲೂಡಿಸುವ ನಾಯಿ ತುಸು ಸೊರಗುವುದು, ಕೂದಲು ಉದುರುವುದು ಸಹಜ. ಆದರೆ ಪಕ್ಕೆಲುಬು ಎಣಿಸುವಂತಿದ್ದರೆ, ಬರಿಯ ಸಿಮೆಂಟು ನೆಲದಲ್ಲಿ ಮಲಗಿ ಮಲಗಿ ಮೊಣಕೈ ಜಡ್ಡುಗಟ್ಟಿದ್ದರೆ, ಸಾಕಿದವನೇ ಹತ್ತಿರ ಬಂದಾಗ ಬಾಲ ಮುದುಡಿ ಮೂಲೆ ಸೇರಿದರೆ, ಅದನ್ನು ಹೇಗೆ ಇಟ್ಟುಕೊಂಡಿದ್ದಾರೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಂಥ ತಾಯಿಯ ಅಂಜುಬುರುಕುತನ ಮರಿಗೂ ಬರಬಹುದು.

ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟಕ್ಕೆಂದೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ತಂದಿದೆ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. 18 ತಿಂಗಳು ತುಂಬದ, 8 ವರ್ಷ ದಾಟಿದ ಹೆಣ್ಣುನಾಯಿಯನ್ನು ಮರಿಗೆ ಬಳಸುವಂತಿಲ್ಲ. ಅದರ ಆಯುಷ್ಯದಲ್ಲಿ 5 ಸೂಲು ಮೀರುವಂತಿಲ್ಲ. ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚವೇಕೆ? 2022ರ ‘777 ಚಾರ್ಲಿ’ ಸಿನಿಮಾ ನೋಡಿ ಕಣ್ಣೀರು ಹಾಕಿದವರಿಗೆ ಚಾರ್ಲಿ ತಪ್ಪಿಸಿಕೊಂಡು ಬಂದದ್ದು ಕ್ರೂರಿ ಬ್ರೀಡರ್ ಒಬ್ಬನ ಕೈಯಿಂದಲೇ ಎಂಬುದು ನೆನಪಿರಬಹುದು.

ಅದೇ ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಪೇಟೆಯಲ್ಲಿ ಮಾತ್ರ ‘45 ದಿನದ ಮರಿ’ ಎಂಬುದೇ ವಾಡಿಕೆ. ಅದೂ ಎಷ್ಟೋ ಸಲ ತಿಂಗಳ ಮರಿಯೇ. ಚಿಕ್ಕದಾದಷ್ಟೂ ಮುದ್ದು, ಬೇಗ ಮಾರಿದಷ್ಟೂ ಮಾರುವವನಿಗೆ ಖರ್ಚು ಉಳಿತಾಯ. ಆದರೆ ಎಷ್ಟು ಬಿಗಿಯಾಗಿ ಕಚ್ಚಿದರೆ ಆಟ, ಎಲ್ಲಿಂದಾಚೆ ನೋವು ಎಂಬುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟುಗಳ ನಡುವೆಯೇ. ಬೇಗ ಬೇರ್ಪಟ್ಟ ಮರಿಯ ಕಚ್ಚುವ ಚಟ ಬಿಡಿಸಲು ಮನೆಯವರು ಹೆಣಗಬೇಕಾಗುತ್ತದೆ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಮೆಲ್ಲಗೆ ಬಾಯಿ ತೆರೆದು ನೋಡಿ. 8 ವಾರದ ಹೊತ್ತಿಗೆ 28 ಹಾಲುಹಲ್ಲುಗಳೂ ಹೆಚ್ಚುಕಡಿಮೆ ಮೂಡಿರುತ್ತವೆ. ಕೈಕಾಲು ಸಣಕಲಾಗಿ ಹೊಟ್ಟೆ ಮಾತ್ರ ಡೊಳ್ಳಾಗಿದ್ದರೆ ಚೆನ್ನಾಗಿ ತಿಂದಿದೆ ಎಂದು ಮೋಸಹೋಗಬೇಡಿ. ಅದು ಬಹುಮಟ್ಟಿಗೆ ಜಂತುಹುಳು.

ಲಸಿಕೆ ಕಾರ್ಡಿನಲ್ಲಿ ತಾರೀಖು ಗೀಚಿದ್ದರೆ ಸಾಲದು. ಲಸಿಕೆಯ ಸೀಸೆಯಿಂದ ಕಿತ್ತು ಅಂಟಿಸಿದ, ಬ್ಯಾಚ್ ಸಂಖ್ಯೆಯಿರುವ ಚೀಟಿ, ಪಶುವೈದ್ಯರ ಸಹಿ, ಮೊಹರು ಇರಬೇಕು. ಪಾರ್ವೊ ವೈರಸ್ ತಗುಲಿದ ಮರಿ ಮೊದಲ ಕೆಲವು ದಿನ ಚುರುಕಾಗಿಯೇ ಇರುತ್ತದೆ. ವಾಂತಿ, ರಕ್ತಭೇದಿ ಶುರುವಾಗುವ ಹೊತ್ತಿಗೆ ಅದು ನಿಮ್ಮ ಮನೆಯಲ್ಲಿರುತ್ತದೆ, ಮಾರಿದವನ ಫೋನು ಸ್ವಿಚ್ ಆಫ್.

ಇನ್ನು ಕೆಸಿಐ ಪೇಪರ್. ಕೆನಲ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಹೇಳುವುದು ವಂಶಾವಳಿ, ಆರೋಗ್ಯವನ್ನಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲಿನ ದೋಷ ವಂಶದಲ್ಲಿ ಇಳಿದುಬರುತ್ತದೆ, ಹಾಗಾಗಿ ತಂದೆ–ತಾಯಿಯ ಎಕ್ಸ್‌ರೇ ಕೇಳಿ. ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಿಂದ ಮನೆಮಾತಾದ ಪಗ್‌ಗೆ ಮೂಗೇ ಶತ್ರು. ಸುಮ್ಮನೆ ಕೂತಾಗಲೂ ಗೊರಗೊರ ಎನ್ನುವ ತಾಯಿಯ ಮರಿ ಬೇಸಿಗೆಯಲ್ಲಿ ಉಸಿರಿಗೆ ಒದ್ದಾಡಬಹುದು.

ಒಳ್ಳೆಯ ಬ್ರೀಡರ್ ನಿಮ್ಮನ್ನೂ ಪ್ರಶ್ನಿಸುತ್ತಾರೆ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಬಾಡಿಗೆ ಮನೆಯೇ, ಓಡಾಡಲು ಜಾಗವಿದೆಯೇ ಎಂದು ಕೆದಕುತ್ತಾರೆ. ಸಾಕಲಾಗದಿದ್ದರೆ ನನಗೇ ವಾಪಸ್ ಕೊಡಿ ಎನ್ನುತ್ತಾರೆ. ಅದಕ್ಕೆ ಮುನಿಸು ಬೇಡ. ಮೊಲ ಬೆನ್ನಟ್ಟಲೆಂದೇ ಬೆಳೆದ ಮುಧೋಳ ನಾಯಿಯನ್ನು ಮೂರನೇ ಮಹಡಿಯ ಎರಡು ಕೋಣೆಯ ಮನೆಗೆ ಕೇಳಿದಾಗ ‘ನಿಮಗೆ ಕೊಡುವುದಿಲ್ಲ’ ಎಂದವರನ್ನು ನಂಬಬಹುದು. ನಿಮ್ಮ ಮನೆಗೆ ಹೊಂದುವ ತಳಿ ಯಾವುದೆಂದು ಅವರನ್ನೇ ಕೇಳಿ.